ಎಸಿಎಲ್ ಪುನರ್ರಚನೆಯ ಚರಿತ್ರೆ: ಕೆಲವು ಇಸವಿಗಳು ಮತ್ತು ಅಂಕಿಗಳ ಮರುಪರಿಶೀಲನೆ

1. ವ್ಯಾಪ್ತಿ

ಮಂಡಿಯ ಕೀಲಿನೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು ಅಸ್ಥಿರಜ್ಜುಗಳಿವೆ. ಇವುಗಳಲ್ಲಿ ಮುಂದಿನದು ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್, ರೂಢಿಯಲ್ಲಿ ಎಸಿಎಲ್. ಅದು ತೊಡೆಮೂಳೆಯ ಹೊರಗಂಟಿನ ಒಳಮೈಯಿಂದ ಹೊರಟು ಟಿಬಿಯಾದ ಮೇಲ್ತಟ್ಟಿನ ಮುಂಭಾಗವನ್ನು ಸೇರುತ್ತದೆ. ಟಿಬಿಯಾ ಮುಂದಕ್ಕೆ ಜಾರದಂತೆ ತಡೆಯುವುದು ಅದರ ಮುಖ್ಯ ಕೆಲಸ. ಒಳತಿರುಚನ್ನು ಹಿಡಿದಿಡುವುದರಲ್ಲೂ ಅದಕ್ಕೆ ಪಾಲಿದೆ. ಹರಿದ ಎಸಿಎಲ್‌ನ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಹೇಳುವ ಬರಹಗಳಲ್ಲಿ 'ಮೊದಲ ಬಾರಿಗೆ' ಎಂಬ ಮಾತಿನ ಮುಂದೆ ಬೇರೆ ಬೇರೆ ಇಸವಿಗಳು ಕಾಣುತ್ತವೆ. ಈ ಭಿನ್ನತೆಗೆ ಎರಡು ಕಾರಣಗಳನ್ನು ಗುರುತಿಸಬಹುದು ಎಂಬುದು ಈ ಟಿಪ್ಪಣಿಯ ಪ್ರತಿಪಾದನೆ.

ಒಂದು, ಮೂರು ಬೇರೆ ಕ್ರಿಯೆಗಳು ಒಂದೇ ಹೆಸರಿನಡಿ ಸೇರಿವೆ: ಹರಿದ ರಜ್ಜುವನ್ನೇ ಹೊಲಿಯುವುದು, ಒಂದು ತುದಿ ಮೂಲಸ್ಥಾನದಲ್ಲೇ ಅಂಟಿಕೊಂಡಿರುವ ಪಟ್ಟಿಯನ್ನು ಕೀಲಿನೊಳಕ್ಕೆ ತಿರುಗಿಸುವುದು, ಎರಡೂ ತುದಿ ಬಿಡಿಸಿಕೊಂಡ ಸ್ವತಂತ್ರ ಗ್ರಾಫ್ಟನ್ನು ಕೂರಿಸುವುದು. ಎರಡು, ಶಸ್ತ್ರಕ್ರಿಯೆ ನಡೆದ ಇಸವಿ, ಸಭೆಯಲ್ಲಿ ವರದಿಯಾದ ಇಸವಿ, ಅಚ್ಚಾದ ಇಸವಿ ಇವು ಒಂದರ ಜಾಗದಲ್ಲಿ ಇನ್ನೊಂದು ಬಂದಿವೆ. ಇದೇ ಬಗೆಯ ಬೆರಕೆ ಗ್ರಾಫ್ಟಿನ ಬಲದ ಅಂಕಿಗಳಲ್ಲೂ, ಈಚಿನ ಯಾದೃಚ್ಛಿಕ ಪ್ರಯೋಗಗಳ ಶೇಕಡಾವಾರುಗಳಲ್ಲೂ ಇದೆ. ಯಾವ ವಿಧಾನ ಉತ್ತಮ ಎಂಬ ಪ್ರಶ್ನೆ ಇಲ್ಲಿಯದಲ್ಲ.

2. ಹೊಲಿಗೆ: 1895, 1898, 1900, 1903

ಲೀಡ್ಸ್‌ನ ಆರ್ಥರ್ ಮೇಯೊ ರಾಬ್ಸನ್ ಗಣಿ ಕಾರ್ಮಿಕನೊಬ್ಬನ ಮಂಡಿಯನ್ನು ತೆರೆದು ಎರಡೂ ಕ್ರೂಸಿಯೇಟ್ ಲಿಗಮೆಂಟುಗಳನ್ನು ಹೊಲಿದದ್ದು 1895ರಲ್ಲಿ. ರಜ್ಜುಗಳು ತೊಡೆಮೂಳೆಯ ಕಡೆಯ ತುದಿಯಲ್ಲಿ ಕಿತ್ತುಬಂದಿದ್ದವು. ಅವನ್ನು ಕ್ಯಾಟ್‌ಗಟ್ ದಾರದಿಂದ ಸುತ್ತಲಿನ ಮೆದು ಅಂಗಾಂಶಕ್ಕೆ ಕಟ್ಟಲಾಯಿತು. ಇದರ ವರದಿ 'ಆ್ಯನಲ್ಸ್ ಆಫ್ ಸರ್ಜರಿ'ಯ 37ನೆಯ ಸಂಪುಟದಲ್ಲಿ ಬಂದದ್ದು 1903ರಲ್ಲಿ. ನಡುವಿನ ಅಂತರ ಸುಮಾರು ಎಂಟು ವರ್ಷ. ಈ ವಿಳಂಬದಿಂದ ಒಂದು ಅನುಕೂಲವೂ ಆಯಿತು: ಆರು ವರ್ಷದ ನಂತರ ರೋಗಿ ಹೇಗಿದ್ದ ಎಂಬ ವಿವರ ವರದಿಯಲ್ಲೇ ಸೇರಿತು. ಕಾಲು ಗಟ್ಟಿಯಾಗಿದೆ ಎಂದು ರೋಗಿಯೇ ಹೇಳಿದ್ದು ಅದರಲ್ಲಿ ದಾಖಲಾಗಿದೆ; ಮಡಚುವಿಕೆ ಪೂರ್ತಿಯಾಗಿರಲಿಲ್ಲ ಎಂಬುದೂ ದಾಖಲಾಗಿದೆ. ಒಂದೇ ಪ್ರಕರಣ ಎಂಬುದನ್ನು ಬಿಟ್ಟರೆ ಆ ಕಾಲಕ್ಕೆ ಇದು ಅಪರೂಪದ ಪ್ರಾಮಾಣಿಕ ವರದಿ.

ಲಂಡನ್ನಿನ ವಿಲಿಯಂ ಬ್ಯಾಟಲ್ 1900ರಲ್ಲಿ ಕ್ಲಿನಿಕಲ್ ಸೊಸೈಟಿಯ ಮುಂದೆ ಇಟ್ಟ ಪ್ರಕರಣದ ಶಸ್ತ್ರಕ್ರಿಯೆ ಅದಕ್ಕೆ ಎರಡು ವರ್ಷ ಹಿಂದಿನದು. ಅಚ್ಚಾದ ಇಸವಿಯನ್ನು ಹಿಡಿದರೆ ಬ್ಯಾಟಲ್ ಮೊದಲು. ಶಸ್ತ್ರಕ್ರಿಯೆಯ ಇಸವಿಯನ್ನು ಹಿಡಿದರೆ ರಾಬ್ಸನ್ ಮೊದಲು. ಬ್ಯಾಟಲ್ ವರದಿಯ ಶೀರ್ಷಿಕೆಯಲ್ಲಿ ಕಾಣುವ ವಿಷಯ ಮರಳಿ ಕೂರಿಸಲಾಗದ ಮಂಡಿ ಕೀಲುತಪ್ಪು; ಲಿಗಮೆಂಟಿನ ಹೊಲಿಗೆ ಅದರೊಳಗಿನ ಒಂದು ಘಟ್ಟ. ಆದ್ದರಿಂದ ಇವೆರಡನ್ನು ಸಮಾನ ಪ್ರಕರಣಗಳೆಂದು ಎಣಿಸುವುದು ಎಷ್ಟು ಸರಿ ಎಂಬ ಸಂದೇಹ ಉಳಿಯುತ್ತದೆ.

ಹೊಲಿಗೆಯ ಬಗ್ಗೆ ಅಪನಂಬಿಕೆಯೂ ಬೇಗನೆ ಬಂತು. 1916ರಲ್ಲಿ ರಾಬರ್ಟ್ ಜೋನ್ಸ್, ಈ ರಜ್ಜುಗಳನ್ನು ಹೊಲಿಯುವುದು ನಿಷ್ಫಲ, ನಿಶ್ಚಲತೆಯಲ್ಲಿ ಬೆಳೆಯುವ ಗಾಯದ ಅಂಗಾಂಶವನ್ನೇ ನಂಬಬೇಕು ಎಂಬ ಅರ್ಥದಲ್ಲಿ ಬರೆದರು. ಹಾಗಿದ್ದೂ ಹೊಲಿಗೆ ಮುಂದಿನ ಆರು ದಶಕ ಬಳಕೆಯಲ್ಲಿತ್ತು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಕೆಡೆಟ್‌ಗಳ ಮೇಲೆ ಫೇಗಿನ್ ಮತ್ತು ಕರ್ಲ್ ನಡೆಸಿದ ಐದು ವರ್ಷಗಳ ಅನುಸರಣೆ 1976ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ಭರವಸೆ ಹುಟ್ಟಿಸಿದ್ದ ಫಲಿತಾಂಶ ಐದು ವರ್ಷಕ್ಕೆ ಬಹುಪಾಲು ಕೆಟ್ಟಿತ್ತು. ಬರಿಯ ಹೊಲಿಗೆಯನ್ನು ಕೈಬಿಡಲು ಈ ಲೇಖನ ಮುಖ್ಯ ಕಾರಣ ಎನ್ನಲಾಗುತ್ತದೆ. ಅದಕ್ಕಿಂತ ಮುಖ್ಯವಾದ ಪಾಠ ಅನುಸರಣೆಯ ಅವಧಿಯದ್ದು ಎಂದೂ ಓದಬಹುದು.

3. ತೊಡೆಯ ತಂತುಪಟ್ಟಿ: 1914, 1917, 1918, 1920

ಪುನರ್ರಚನೆಯ ಆರಂಭವನ್ನು ಸಾಮಾನ್ಯವಾಗಿ ಬ್ರಿಸ್ಟಲ್‌ನ ಅರ್ನೆಸ್ಟ್ ವಿಲಿಯಂ ಹೇ ಗ್ರೋವ್ಸ್ ಹೆಸರಿಗೆ, 1917ರ 'ಲ್ಯಾನ್ಸೆಟ್' ಲೇಖನಕ್ಕೆ ಸೇರಿಸುತ್ತಾರೆ. ಆದರೆ 1914ರ ಜರ್ಮನ್ ಶಸ್ತ್ರವೈದ್ಯರ ಸಂಘದ ವರದಿಯಲ್ಲಿ ಎರಿಕ್ ಹೆಸೆ, ರಷ್ಯದ ಗ್ರೆಕೋವ್ ಮಾಡಿದ ಶಸ್ತ್ರಕ್ರಿಯೆಯೊಂದನ್ನು ದಾಖಲಿಸಿದ್ದಾರೆ: ತೊಡೆಯ ಫೇಶಿಯಾದಿಂದ ಸ್ವತಂತ್ರವಾಗಿ ತೆಗೆದ ಪಟ್ಟಿ, ತೊಡೆಮೂಳೆಯಲ್ಲಿ ಕೊರೆದ ರಂಧ್ರ, ಉಳಿದ ರಜ್ಜುವಿನ ತುಂಡಿಗೆ ಹೊಲಿಗೆ. ಇಲ್ಲಿ ಶಸ್ತ್ರವೈದ್ಯ ಒಬ್ಬ, ವರದಿಗಾರ ಇನ್ನೊಬ್ಬ. ಕೆಲವು ಬರಹಗಳಲ್ಲಿ ಹೆಸೆ, ಕೆಲವದರಲ್ಲಿ ಗ್ರೆಕೋವ್ ಎಂದು ಬರುವುದಕ್ಕೆ ಇದೇ ಕಾರಣ.

ಹೇ ಗ್ರೋವ್ಸ್ ಅವರ ಕ್ರಿಯೆ ಇದಕ್ಕಿಂತ ಬೇರೆ. 1917ರ ವಿಧಾನದಲ್ಲಿ ತೊಡೆಯ ಹೊರಬದಿಯ ತಂತುಪಟ್ಟಿಯನ್ನು ಟಿಬಿಯಾದ ಕಡೆ ಬಿಡಿಸಿ, ಮೇಲ್ತುದಿಯನ್ನು ಹಾಗೆಯೇ ಉಳಿಸಿಕೊಂಡು, ತೊಡೆಮೂಳೆ ಮತ್ತು ಟಿಬಿಯಾಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಲಾಯಿತು. ಮರುವರ್ಷ ಅಲ್ವಿನ್ ಸ್ಮಿತ್ 'ಬ್ರಿಟಿಷ್ ಜರ್ನಲ್ ಆಫ್ ಸರ್ಜರಿ'ಯಲ್ಲಿ ಇದನ್ನು ಟೀಕಿಸಿದರು: ಪಟ್ಟಿ ತೀರ ಕಿರಿದು, ಒಳಬದಿಯ ರಜ್ಜುವನ್ನು ಗಮನಿಸಿಲ್ಲ. ಹೇ ಗ್ರೋವ್ಸ್ ಅದೇ ಪತ್ರಿಕೆಯಲ್ಲಿ ಮುಂದೆ ಬರೆದ ದೀರ್ಘ ಲೇಖನದಲ್ಲಿ ದಿಕ್ಕು ತಿರುವುಮುರುವಾಗಿದೆ: ಪಟ್ಟಿಯನ್ನು ಮೇಲೆ ಬಿಡಿಸಿ, ಟಿಬಿಯಾದ ಅಂಟನ್ನು ಉಳಿಸಲಾಗಿದೆ. 'ಹೇ ಗ್ರೋವ್ಸ್ ವಿಧಾನ' ಎಂದು ಒಂದೇ ಮಾತಿನಲ್ಲಿ ಹೇಳಿದಾಗ ಇವೆರಡರಲ್ಲಿ ಯಾವುದು ಎಂಬುದು ತಿಳಿಯುವುದಿಲ್ಲ.

ಈ ಎರಡನೆಯ ಲೇಖನದ ಇಸವಿ ಕೆಲವೆಡೆ 1919, ಕೆಲವೆಡೆ 1920. ಇದು ತಪ್ಪಿಗಿಂತ ಹೆಚ್ಚಾಗಿ ಸಂಪುಟದ ಲೆಕ್ಕ: ಪತ್ರಿಕೆಯ 7ನೆಯ ಸಂಪುಟ 1919–20 ಎರಡೂ ವರ್ಷಗಳಿಗೆ ಹರಡಿದೆ. ಲೇಖನ 505ನೆಯ ಪುಟದಿಂದ ಆರಂಭವಾಗುವುದರಿಂದ, ಅಂದರೆ ಸಂಪುಟದ ಕೊನೆಯ ಭಾಗದಲ್ಲಿರುವುದರಿಂದ, 1920 ಎಂದು ಬರೆಯುವುದೇ ಹೆಚ್ಚು ಸಮಂಜಸ.

ಒಟ್ಟಿನಲ್ಲಿ, ಸ್ವತಂತ್ರ ಗ್ರಾಫ್ಟ್ ಎಂಬ ಮಾನದಂಡಕ್ಕೆ ಲಭ್ಯ ದಾಖಲೆಗಳಲ್ಲಿ 1914 ಮೊದಲು. ಎರಡೂ ಮೂಳೆಗಳ ಸುರಂಗ ಎಂಬ ಮಾನದಂಡಕ್ಕೆ 1917 ಬಹುಶಃ ಮೊದಲು. ಎರಡು ಉತ್ತರಗಳೂ ಸರಿ, ಪ್ರಶ್ನೆಗಳು ಬೇರೆ.

4. ಮಂಡಿಚಿಪ್ಪಿನ ರಜ್ಜು: 1936ರಿಂದ 1976

ಮಂಡಿಚಿಪ್ಪಿನಿಂದ ಟಿಬಿಯಾದ ಗುಬುಟಿಗೆ ಇಳಿಯುವ ರಜ್ಜುವಿನ ನಡುವಣ ಮೂರನೆಯ ಒಂದು ಭಾಗವನ್ನು ಎರಡೂ ತುದಿಯ ಮೂಳೆತುಂಡಿನ ಸಮೇತ ತೆಗೆದು ಕೂರಿಸುವುದು ಇಂದಿನ ಪ್ರಮುಖ ವಿಧಾನಗಳಲ್ಲಿ ಒಂದು. ಇದನ್ನು 'ಜೋನ್ಸ್ ವಿಧಾನ' ಎಂದು ಕರೆಯುವ ರೂಢಿ ಎರಡು ಕಡೆ ಎಡವುತ್ತದೆ.

ಮೊದಲನೆಯದಾಗಿ, ಈ ಜೋನ್ಸ್ ಅಮೆರಿಕದ ಅರ್ಕಾನ್ಸಾದ ಕೆನೆತ್ ಜೋನ್ಸ್. ಮೇಲೆ ಹೇಳಿದ ರಾಬರ್ಟ್ ಜೋನ್ಸ್ ಅಲ್ಲ. ಎರಡನೆಯದಾಗಿ, ಅವರ 1963ರ ಲೇಖನದಲ್ಲಿ ಇಂದಿನ ವಿಧಾನ ಇಲ್ಲ. ಅಲ್ಲಿ ಪಟ್ಟಿ ಕೆಳತುದಿಯಲ್ಲಿ ಟಿಬಿಯಾಕ್ಕೆ ಅಂಟಿಕೊಂಡೇ ಇದೆ. ಮೇಲ್ತುದಿಯಲ್ಲಿ ಮಂಡಿಚಿಪ್ಪಿನ ಮೂಳೆತುಂಡು ಇದೆ. ಸುರಂಗ ತೊಡೆಮೂಳೆಯಲ್ಲಿ ಮಾತ್ರ. ಟಿಬಿಯಾದಲ್ಲಿ ಸುರಂಗವಿಲ್ಲದ ಕಾರಣ ಪಟ್ಟಿಯ ಉದ್ದ ಸಾಲದೆ, ತೊಡೆಮೂಳೆಯ ಸುರಂಗದ ಬಾಯಿ ಮೂಲ ರಜ್ಜುವಿನ ಜಾಗಕ್ಕಿಂತ ಮುಂದೆ ಬಂದಿದೆ. ಈಗಿನ ಅಳತೆಗೋಲಿನಲ್ಲಿ ಇದು ತಪ್ಪು ಸ್ಥಾನ.

ಇದಕ್ಕೂ ಹಿಂದೆ ಟೆನೆಸಿಯ ವಿಲಿಸ್ ಕ್ಯಾಂಪ್‌ಬೆಲ್ ಇದೇ ರಜ್ಜುವಿನ ಒಳಬದಿಯ ಮೂರನೆಯ ಒಂದು ಭಾಗವನ್ನು, ಮಂಡಿಚಿಪ್ಪಿನ ಮೇಲಿನ ಪದರ ಮತ್ತು ಕ್ವಾಡ್ರಿಸೆಪ್ಸ್ ರಜ್ಜುವಿನ ಪಟ್ಟಿಯೊಡನೆ ಬಳಸಿದ್ದರು. ಇದರ ಇಸವಿ 1935 ಎಂದೂ 1936 ಎಂದೂ ಕಾಣುತ್ತದೆ. ಲೇಖನ ಅಚ್ಚಾದದ್ದು 1936. 1966ರಲ್ಲಿ ಪೂರ್ವ ಜರ್ಮನಿಯ ಹೆಲ್ಮುಟ್ ಬ್ರೂಕ್ನರ್ ಒಳಬದಿಯ ಪಟ್ಟಿಯನ್ನೇ ಟಿಬಿಯಾದ ಸುರಂಗದ ಮೂಲಕವೂ ಹಾಯಿಸಿ, ಜೋನ್ಸ್ ಎದುರಿಸಿದ ಉದ್ದದ ತೊಡಕನ್ನು ತಕ್ಕಮಟ್ಟಿಗೆ ನೀಗಿದರು. ಎರಡೂ ತುದಿಯಲ್ಲಿ ಮೂಳೆಯಿರುವ ಸ್ವತಂತ್ರ ಗ್ರಾಫ್ಟ್ ಬರ್ಲಿನ್ನಿನ ಕುರ್ಟ್ ಫ್ರಾಂಕೆ ಅವರದು: ಬಳಕೆಯ ಆರಂಭ 1969, ಇಂಗ್ಲಿಷಿನಲ್ಲಿ 130 ಶಸ್ತ್ರಕ್ರಿಯೆಗಳ ಅನುಭವದ ಲೇಖನ 1976. ಅವರು ತೆಗೆದದ್ದು ರಜ್ಜುವಿನ ಮೂರನೆಯ ಒಂದು ಭಾಗವಲ್ಲ, ನಾಲ್ಕನೆಯ ಒಂದು ಭಾಗ. ಬ್ರೂಕ್ನರ್ ಮತ್ತು ಫ್ರಾಂಕೆ ಹೆಸರುಗಳು ಇಂಗ್ಲಿಷ್ ಪಠ್ಯಗಳಲ್ಲಿ ವಿರಳವಾಗಿರುವುದಕ್ಕೆ ಬ್ರೂಕ್ನರ್ ಅವರ ಲೇಖನ ಜರ್ಮನ್ ಭಾಷೆಯಲ್ಲಿ, ಎರಡು ಪುಟಗಳಲ್ಲಿ ಇದ್ದದ್ದೂ ಒಂದು ಕಾರಣವಿರಬಹುದು. ಹೆಸರಿಡುವುದೇ ಆದರೆ ಇಂದಿನ ವಿಧಾನಕ್ಕೆ ಫ್ರಾಂಕೆ ಹೆಸರು ಹೆಚ್ಚು ಹತ್ತಿರ.

ಗ್ರಾಫ್ಟನ್ನು ಸುರಂಗದೊಳಗೇ ಸ್ಕ್ರೂನಿಂದ ಒತ್ತಿಹಿಡಿಯುವ ಪದ್ಧತಿಗೆ ಲ್ಯಾಂಬರ್ಟ್ (1983) ಮತ್ತು ಕುರೊಸಾಕ (1987) ಇಬ್ಬರ ಹೆಸರೂ ಬರುತ್ತವೆ. ಲ್ಯಾಂಬರ್ಟ್ ಬಳಸಿದ್ದು ಆಗಲೇ ಸಿಗುತ್ತಿದ್ದ ಸಾಮಾನ್ಯ ಮೂಳೆಸ್ಕ್ರೂ. ಇದಕ್ಕೆಂದೇ ರೂಪಿಸಿದ 9 ಮಿಲಿಮೀಟರಿನ ಸ್ಕ್ರೂವನ್ನು ಪರೀಕ್ಷೆಗೆ ಒಡ್ಡಿದ್ದು ಕುರೊಸಾಕ. ಆರ್ಥ್ರೊಸ್ಕೋಪಿನ ನೆರವಿನ ಮೊದಲ ಪುನರ್ರಚನೆ ಇಂಗ್ಲೆಂಡಿನ ಡೇವಿಡ್ ಡ್ಯಾಂಡಿ 1980ರಲ್ಲಿ ಮಾಡಿದ್ದು. ಅದರಲ್ಲಿ ಬಳಸಿದ್ದು ಕಾರ್ಬನ್ ಎಳೆ. ಆ ವಸ್ತು ಈಗ ಬಳಕೆಯಲ್ಲಿಲ್ಲ, ಆರ್ಥ್ರೊಸ್ಕೋಪ್ ಉಳಿದಿದೆ.

5. ಹ್ಯಾಮ್‌ಸ್ಟ್ರಿಂಗ್

ತೊಡೆಯ ಹಿಂಬದಿಯ ಸೆಮಿಟೆಂಡಿನೋಸಸ್ ರಜ್ಜುವನ್ನು ಮಿಲಾನಿನ ರಿಕಾರ್ಡೊ ಗಲಿಯಾತ್ಸಿ 1934ರಲ್ಲೂ, ಅಮೆರಿಕದ ಹ್ಯಾರಿ ಮೇಸಿ 1939ರಲ್ಲೂ ವರದಿ ಮಾಡಿದ್ದಾರೆ. ಇಬ್ಬರೂ ರಜ್ಜುವಿನ ಟಿಬಿಯಾ ಕಡೆಯ ಅಂಟನ್ನು ಉಳಿಸಿಕೊಂಡಿದ್ದರು, ಇಬ್ಬರೂ ಒಂದೇ ಎಳೆ ಬಳಸಿದರು. ಮೇಸಿಯನ್ನು ಮೊದಲಿಗರೆನ್ನುವ ಬರಹಗಳು ಇಟಾಲಿಯನ್ ಭಾಷೆಯ ಲೇಖನವನ್ನು ಗಮನಿಸಿದಂತೆ ಕಾಣುವುದಿಲ್ಲ. ಈಗಿನ ನಾಲ್ಕೆಳೆಯ ಗ್ರಾಫ್ಟ್, ಅಂದರೆ ಸೆಮಿಟೆಂಡಿನೋಸಸ್ ಮತ್ತು ಗ್ರಾಸಿಲಿಸ್ ಎರಡನ್ನೂ ಮಡಚಿ ಮಾಡಿದ್ದು, 1980ರ ದಶಕದ ಬೆಳವಣಿಗೆ. 1934ರಿಂದ ಅದಕ್ಕೆ ನೇರ ರೇಖೆ ಎಳೆಯಲು ಆಧಾರ ಸಾಲದು.

6. ಬಲದ ಅಂಕಿಗಳು

6.1. ಮೂಲ ರಜ್ಜು ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬುದಕ್ಕೆ ಹೆಚ್ಚು ಉಲ್ಲೇಖಗೊಳ್ಳುವ ಅಂಕಿ 1725 ನ್ಯೂಟನ್. ನಾಯ್ಸ್, ಬಟ್ಲರ್, ಗ್ರೂಡ್ ಮತ್ತು ಸಂಗಡಿಗರ 1984ರ ಲೇಖನದ್ದು. ನಾಯ್ಸ್ ಮತ್ತು ಗ್ರೂಡ್ ಅವರ 1976ರ ಲೇಖನದಲ್ಲಿ 16ರಿಂದ 26 ವರ್ಷದ ದಾನಿಗಳ ಗುಂಪಿಗೆ 1730 ನ್ಯೂಟನ್ ಇದೆ. ಸರಾಸರಿಗಳು ಬಹುತೇಕ ಒಂದೇ. ಆದರೆ ಅವುಗಳ ಮುಂದಿನ ಹರವಿನ ಅಂಕಿ 1976ರಲ್ಲಿ ±660, 1984ರಲ್ಲಿ ±269. ಎಂಟು ವರ್ಷಗಳಲ್ಲಿ ಅಳತೆಯ ನಿಖರತೆ ಇಷ್ಟು ಸುಧಾರಿಸಿತೆ?

ಹಾಗೆ ತೋರುವುದಿಲ್ಲ. ಆ ಗುಂಪಿನ ಮಾದರಿಗಳು ಆರು ಎಂದಿಟ್ಟುಕೊಂಡರೆ, 660ನ್ನು ಆರರ ವರ್ಗಮೂಲದಿಂದ ಭಾಗಿಸಿದಾಗ ಬರುವುದು 269. ಆದ್ದರಿಂದ ಮೊದಲನೆಯದು ಮಾನಕ ವಿಚಲನೆ, ಎರಡನೆಯದು ಸರಾಸರಿಯ ಮಾನಕ ದೋಷ, ಎರಡಕ್ಕೂ ಆಧಾರ ಅದೇ ಮಾದರಿಗಳು ಎಂಬ ಊಹೆ ಬಲವಾಗುತ್ತದೆ. ಊಹೆ ಸರಿಯಾದರೆ, ಇವೆರಡನ್ನು ಎರಡು ಸ್ವತಂತ್ರ ಅಳತೆಗಳೆಂದು ಪಟ್ಟಿಮಾಡುವುದು ಒಂದೇ ಸಾಕ್ಷಿಯನ್ನು ಎರಡು ಸಲ ಕರೆದಂತೆ.

6.2. ವೂ ಮತ್ತು ಸಂಗಡಿಗರು 1991ರಲ್ಲಿ 22ರಿಂದ 35 ವರ್ಷದವರ ಗುಂಪಿಗೆ 2160 ನ್ಯೂಟನ್ ಕೊಟ್ಟರು. ಇದು ರಜ್ಜುವಿನ ಸಹಜ ದಿಕ್ಕಿನಲ್ಲಿ ಎಳೆದಾಗಿನ ಅಂಕಿ. ಅದೇ ಅಧ್ಯಯನದಲ್ಲಿ ಟಿಬಿಯಾದ ಅಕ್ಷದ ದಿಕ್ಕಿನಲ್ಲಿ ಎಳೆದಾಗ ಅಂಕಿ ಇದಕ್ಕಿಂತ ಗಣನೀಯವಾಗಿ ಇಳಿದಿದೆ. 60 ದಾಟಿದವರ ಗುಂಪಿಗೆ ಸಹಜ ದಿಕ್ಕಿನಲ್ಲೇ 658 ನ್ಯೂಟನ್. ಅಂದರೆ ವಯಸ್ಸು ಮತ್ತು ಎಳೆತದ ಕೋನ ಇವೆರಡನ್ನು ಹೇಳದೆ 'ಎಸಿಎಲ್‌ನ ಬಲ' ಎಂಬ ಒಂದೇ ಸಂಖ್ಯೆ ಕೊಡುವುದು ಅಪೂರ್ಣ.

6.3. ಗ್ರಾಫ್ಟ್ ಮೂಲ ರಜ್ಜುವಿಗಿಂತ 'ಶೇ. 168ರಷ್ಟು ಬಲವಾದದ್ದು' ಎಂಬ ಮಾತು 1984ರ ಲೇಖನದಿಂದ ಹೊರಟದ್ದು: 2900ನ್ನು 1725ರಿಂದ ಭಾಗಿಸಿದ ಫಲ. ಇಲ್ಲಿ 2900 ನ್ಯೂಟನ್ ಸುಮಾರು 14 ಮಿಲಿಮೀಟರ್ ಅಗಲದ ಮಂಡಿಚಿಪ್ಪಿನ ರಜ್ಜುವಿಗೆ ಸೇರಿದ್ದು. ಶಸ್ತ್ರಕ್ರಿಯೆಯಲ್ಲಿ ರೂಢಿಯಾಗಿ ತೆಗೆಯುವ ಅಗಲ 10 ಮಿಲಿಮೀಟರ್. ಅಗಲಕ್ಕೆ ಅನುಪಾತವಾಗಿ ಇಳಿಸಿದರೆ ಸುಮಾರು 2070 ನ್ಯೂಟನ್ ಆಗಬೇಕಿತ್ತು. ಆದರೆ ಕೂಪರ್ ಮತ್ತು ಸಂಗಡಿಗರು 1993ರಲ್ಲಿ 10 ಮಿಲಿಮೀಟರಿಗೇ 2977, 15 ಮಿಲಿಮೀಟರಿಗೆ 4389, 7 ಮಿಲಿಮೀಟರಿಗೆ 2238 ನ್ಯೂಟನ್ ವರದಿ ಮಾಡಿದರು. ಹೀಗಾಗಿ 2900ರ ಆಸುಪಾಸಿನ ಒಂದೇ ಅಂಕಿ ಎರಡು ಲೇಖನಗಳಲ್ಲಿ ಎರಡು ಅಗಲಗಳಿಗೆ ನಿಂತಿದೆ. ದಾನಿಗಳ ವಯಸ್ಸು, ಹಿಡಿಕೆಯ ಬಗೆ, ಎಳೆಯುವ ವೇಗ ಇವುಗಳಲ್ಲಿ ಯಾವುದು ಎಷ್ಟು ಕಾರಣ ಎಂದು ಪ್ರಕಟಿತ ಅಂಕಿಗಳಿಂದಷ್ಟೇ ಬೇರ್ಪಡಿಸುವುದು ಕಷ್ಟ.

ಛೇದವನ್ನು 2160ಕ್ಕೆ ಬದಲಿಸಿದರೆ 2900ರ ಪ್ರಮಾಣ ಶೇ. 168ರಿಂದ ಶೇ. 134ಕ್ಕೆ ಇಳಿಯುತ್ತದೆ. 1984ರ ಲೇಖನದ ಒಂಟಿ ಎಳೆ ಸೆಮಿಟೆಂಡಿನೋಸಸ್ (1216 ನ್ಯೂಟನ್) ಶೇ. 70ರಿಂದ 56ಕ್ಕೂ, ಗ್ರಾಸಿಲಿಸ್ (838 ನ್ಯೂಟನ್) ಶೇ. 49ರಿಂದ 39ಕ್ಕೂ ಇಳಿಯುತ್ತವೆ. ಹ್ಯಾಮ್‌ಸ್ಟ್ರಿಂಗನ್ನು ಮಡಚಿ ನಾಲ್ಕೆಳೆ ಮಾಡಬೇಕಾದ ಒತ್ತಡ ಈ ಲೆಕ್ಕದಲ್ಲೇ ಕಾಣುತ್ತದೆ. ಹ್ಯಾಮ್ನರ್ ಮತ್ತು ಸಂಗಡಿಗರ 1999ರ ಅಧ್ಯಯನದಲ್ಲಿ ನಾಲ್ಕೆಳೆಯ ಬಲ 4000 ನ್ಯೂಟನ್ ದಾಟಿದ್ದು ಎಲ್ಲ ಎಳೆಗಳಿಗೂ ಸಮಾನ ಬಿಗಿ ಕೊಟ್ಟಾಗ ಮಾತ್ರ. ಕೈಯಿಂದ ಬಿಗಿಗೊಳಿಸಿದಾಗ ಅದು ಗಣನೀಯವಾಗಿ ಕುಸಿಯಿತು. ಈ ಷರತ್ತು ಉಲ್ಲೇಖಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತದೆ, ಅಂಕಿ ಮಾತ್ರ ಉಳಿಯುತ್ತದೆ.

ಇವೆಲ್ಲವೂ ಶವದ ಮಾದರಿಗಳಿಂದ ಬಂದ, ಕೂರಿಸುವ ಕ್ಷಣಕ್ಕೆ ಮುಂಚಿನ ಬಲ. ಕೂರಿಸಿದ ಮೇಲೆ ಗ್ರಾಫ್ಟಿನ ಜೀವಕೋಶಗಳು ಸತ್ತು, ಹೊಸ ರಕ್ತನಾಳ ಮತ್ತು ಕೋಶಗಳು ಬಂದು, ರಚನೆ ನಿಧಾನವಾಗಿ ಬದಲಾಗುತ್ತದೆ. ಏಮಿಯಲ್ ಮತ್ತು ಸಂಗಡಿಗರು 1986ರಲ್ಲಿ ಮೊಲಗಳಲ್ಲಿ ಇದನ್ನು ವಿವರಿಸಿದರು. ಆ ಅವಧಿಯಲ್ಲಿ ಬಲ ಕುಗ್ಗುತ್ತದೆ ಎಂಬುದು ಪ್ರಾಣಿ ಅಧ್ಯಯನಗಳಿಂದ ಬಂದ ತಿಳಿವಳಿಕೆ. ಮನುಷ್ಯರಿಗೆ ಅದರ ಕಾಲಪಟ್ಟಿಯನ್ನು ನೇರವಾಗಿ ಅನ್ವಯಿಸುವುದು ಎಚ್ಚರಿಕೆ ಬೇಡುತ್ತದೆ.

7. ಎರಡು ಹೆಸರುಗಳು, ಎರಡು ಹಳೆಯ ದಾಖಲೆಗಳು

ಮಂಡಿಯನ್ನು ಸ್ವಲ್ಪವೇ ಮಡಚಿ ಟಿಬಿಯಾವನ್ನು ಮುಂದಕ್ಕೆ ಎಳೆದು ನೋಡುವ ಪರೀಕ್ಷೆಗೆ ಫಿಲಡೆಲ್ಫಿಯಾದ ಜಾನ್ ಲ್ಯಾಕ್‌ಮನ್ ಹೆಸರಿದೆ. ಅದನ್ನು ಪ್ರಕಟಿಸಿದ್ದು ಲ್ಯಾಕ್‌ಮನ್ ಅಲ್ಲ, 1976ರಲ್ಲಿ ಟಾರ್ಗ್ ಮತ್ತು ಸಂಗಡಿಗರು. ಅದಕ್ಕೆ ನೂರಾ ಒಂದು ವರ್ಷ ಮುಂಚೆ, 1875ರ ಪ್ಯಾರಿಸ್ ಪ್ರಬಂಧದಲ್ಲಿ ಗ್ರೀಸಿನ ಜಾರ್ಜಿಯೋಸ್ ನೂಲಿಸ್ ಇದೇ ತತ್ತ್ವದ ಪರೀಕ್ಷೆಯನ್ನು ಬರೆದಿದ್ದರು. ಪೆಸ್ಲರ್ ಮತ್ತು ಮಿಶೆಲ್ 1992ರಲ್ಲಿ ಇದನ್ನು ಎತ್ತಿ ತೋರಿಸಿದರು. 1976ರ ಲೇಖಕರಿಗೆ ಅದು ತಿಳಿದಿತ್ತು ಎನ್ನಲು ಆಧಾರವಿಲ್ಲ.

ಮಂಡಿಯ ಹೊರ-ಮುಂಬದಿಯ ತಂತುರಚನೆಯನ್ನು 1879ರಲ್ಲಿ ಪಾಲ್ ಸೆಗೊಂಡ್ ಗಮನಿಸಿದ್ದರು. 2013ರಲ್ಲಿ ಕ್ಲಾಸ್ ಮತ್ತು ಸಂಗಡಿಗರು ಅದನ್ನು ಆ್ಯಂಟರೊಲ್ಯಾಟರಲ್ ಲಿಗಮೆಂಟ್ ಎಂದು ವಿವರಿಸಿದಾಗ ಪತ್ರಿಕೆಗಳು 'ಹೊಸ ಲಿಗಮೆಂಟ್' ಎಂದು ಸುದ್ದಿ ಮಾಡಿದವು. 2012ರಲ್ಲೇ ವಿನ್ಸೆಂಟ್ ಮತ್ತು ಸಂಗಡಿಗರ ಲೇಖನ ಅದೇ ಹೆಸರಿನಲ್ಲಿ ಬಂದಿತ್ತು. ಕ್ಲಾಸ್ ಲೇಖನದಲ್ಲಿ 41 ಮಂಡಿಗಳಲ್ಲಿ ಒಂದನ್ನು ಬಿಟ್ಟು ಎಲ್ಲದರಲ್ಲೂ, ಅಂದರೆ ಶೇ. 97ರಲ್ಲಿ, ಕಂಡಿತು ಎಂದಿದೆ. 41ರಲ್ಲಿ 40 ಎಂದರೆ ಶೇ. 97.6, ಪೂರ್ಣಾಂಕಕ್ಕೆ ತಂದರೆ 98. ಇದು ಕ್ಷುಲ್ಲಕವೇ ಇರಬಹುದು. ಆದರೆ ನಂತರದ ಶವಚ್ಛೇದನ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಂಡಿಗಳಲ್ಲಿ ಮಾತ್ರ ಅದು ಸಿಕ್ಕ ಉದಾಹರಣೆಗಳಿವೆ, ಅದು ಕ್ಷುಲ್ಲಕವಲ್ಲ.

8. ಪ್ರಯೋಗಗಳ ಛೇದಗಳು

8.1. ಹೊರಬದಿಯ ಪಟ್ಟಿಯನ್ನು ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟಿಗೆ ಜೊತೆ ಸೇರಿಸಿದರೆ ಲಾಭವಿದೆಯೆ ಎಂದು ಕೇಳಿದ ಸ್ಟೆಬಿಲಿಟಿ ಪ್ರಯೋಗವನ್ನು (ಗೆಟ್‌ಗುಡ್ ಮತ್ತು ಸಂಗಡಿಗರು, 2020) '618 ರೋಗಿಗಳ ಪ್ರಯೋಗ' ಎಂದು ಉಲ್ಲೇಖಿಸುವುದು ವಾಡಿಕೆ. ಎರಡು ವರ್ಷದಲ್ಲಿ ಗ್ರಾಫ್ಟ್ ಹರಿದ ಪ್ರಮಾಣ ಪಟ್ಟಿಯಿಲ್ಲದ ಗುಂಪಿನಲ್ಲಿ ಶೇ. 11 ಮತ್ತು ಪಟ್ಟಿ ಸೇರಿಸಿದ ಗುಂಪಿನಲ್ಲಿ ಶೇ. 4, ಇವುಗಳ ಛೇದ ಕ್ರಮವಾಗಿ 298 ಮತ್ತು 291, ಒಟ್ಟು 589. ಇನ್ನೊಂದು ಅಂಶ: ಪ್ರಯೋಗದ ಮುಖ್ಯ ಫಲಿತಾಂಶ ಗ್ರಾಫ್ಟ್ ಹರಿಯುವುದಷ್ಟೇ ಅಲ್ಲ, ಉಳಿದುಕೊಂಡ ತಿರುಚು-ಸಡಿಲವನ್ನೂ ಸೇರಿಸಿದ 'ಕ್ಲಿನಿಕಲ್ ವೈಫಲ್ಯ', ಅದರ ಪ್ರಮಾಣ ಶೇ. 40 ಮತ್ತು ಶೇ. 25. ಎರಡು ಜೋಡಿ ಅಂಕಿಗಳನ್ನು ಅದಲುಬದಲು ಮಾಡಿದರೆ ಚಿತ್ರ ಬಹಳ ಬದಲಾಗುತ್ತದೆ. ಪ್ರಯೋಗದಲ್ಲಿದ್ದವರು 14ರಿಂದ 25 ವರ್ಷದವರು ಎಂಬುದನ್ನೂ ಬಿಡುವಂತಿಲ್ಲ.

8.2. ಸ್ವೀಡನ್ನಿನ ಕ್ಯಾನನ್ ಪ್ರಯೋಗದಲ್ಲಿ (ಫ್ರೊಬೆಲ್ ಮತ್ತು ಸಂಗಡಿಗರು, 2010) 121 ಜನರಲ್ಲಿ 62 ಮಂದಿಗೆ ಬೇಗನೆ ಪುನರ್ರಚನೆ; 59 ಮಂದಿಗೆ ವ್ಯಾಯಾಮ ಚಿಕಿತ್ಸೆ, ಬೇಕಾದರೆ ಮುಂದೆ ಶಸ್ತ್ರಕ್ರಿಯೆ. ಎರಡನೆಯ ಗುಂಪಿನಲ್ಲಿ ಎರಡು ವರ್ಷಕ್ಕೆ 23, ಐದು ವರ್ಷಕ್ಕೆ (2013ರ ವರದಿ) 30 ಮಂದಿ ಪುನರ್ರಚನೆ ಮಾಡಿಸಿಕೊಂಡಿದ್ದರು. 'ಶಸ್ತ್ರಕ್ರಿಯೆ ತಪ್ಪಿದವರು ಐವರಲ್ಲಿ ಮೂವರು' ಎಂಬ ಮಾತೂ 'ಅರ್ಧದಷ್ಟು' ಎಂಬ ಮಾತೂ ಒಂದೇ ಪ್ರಯೋಗದವು, ಇಸವಿ ಬೇರೆ. ಎರಡು ಗುಂಪುಗಳ ಅಂಕದ ಏರಿಕೆ ಎರಡು ವರ್ಷಕ್ಕೆ 39.2 ಮತ್ತು 39.4.

ಇಲ್ಲಿ ಬಳಸಿದ ಕೂಸ್-4 ಅಂಕದ ಬಗ್ಗೆ ಒಂದು ಮಾತು. ಕೂಸ್ ಪ್ರಶ್ನಾವಳಿಯಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು, ಮಂಡಿಯೂರುವುದು ಇವು 'ಕ್ರೀಡೆ ಮತ್ತು ಮನರಂಜನೆ' ವಿಭಾಗದಲ್ಲಿವೆ, ದಿನನಿತ್ಯದ ಕೆಲಸಗಳ ವಿಭಾಗದಲ್ಲಿ ಅಲ್ಲ. ನೆಲದ ಮೇಲೆ ಕೂತು ಉಣ್ಣುವ, ಮಂಡಿಯೂರಿ ಪ್ರಾರ್ಥಿಸುವ, ಕುಕ್ಕರಗಾಲಿನಲ್ಲಿ ಗದ್ದೆಯ ಕಳೆ ಕೀಳುವ ನಮ್ಮ ಕಡೆಯವರಿಗೆ ಈ ವಿಂಗಡಣೆ ಹೊಂದುವುದು ಅನುಮಾನ. ಮಂಡಿಚಿಪ್ಪಿನ ರಜ್ಜುವನ್ನು ತೆಗೆದವರಲ್ಲಿ ಮಂಡಿಯೂರುವಾಗ ನೋವು ಹೆಚ್ಚು ಎಂಬುದು ಹಲವು ಅಧ್ಯಯನಗಳ ಸಮಾನ ವರದಿಯಾದ್ದರಿಂದ ಗ್ರಾಫ್ಟಿನ ಆಯ್ಕೆಯಲ್ಲಿ ಇದಕ್ಕೆ ಬೆಲೆಯಿದೆ.

8.3. ಬ್ರಿಟನ್ನಿನ 29 ಕೇಂದ್ರಗಳ, 316 ರೋಗಿಗಳ ಸ್ನ್ಯಾಪ್ ಪ್ರಯೋಗ (ಬಿಯರ್ಡ್ ಮತ್ತು ಸಂಗಡಿಗರು, 2022) ಕ್ಯಾನನ್ ಫಲಿತಾಂಶಕ್ಕೆ ವಿರುದ್ಧವೆಂದು ತೋರುವ ಉತ್ತರ ಕೊಟ್ಟಿತು: 18 ತಿಂಗಳಿಗೆ ಶಸ್ತ್ರಕ್ರಿಯೆಯ ಗುಂಪಿನ ಸರಾಸರಿ ಅಂಕ 73.0, ವ್ಯಾಯಾಮದ ಗುಂಪಿನದು 64.6. ಆದರೆ ಕ್ಯಾನನ್ ತೆಗೆದುಕೊಂಡದ್ದು ಗಾಯವಾಗಿ ನಾಲ್ಕು ವಾರದೊಳಗಿನವರನ್ನು. ಸ್ನ್ಯಾಪ್ ತೆಗೆದುಕೊಂಡದ್ದು ಗಾಯ ಹಳತಾಗಿ, ಮಂಡಿ ಕೈಕೊಡುತ್ತಲೇ ಇದ್ದವರನ್ನು. ಎರಡನ್ನೂ ಒಂದೇ ವಾಕ್ಯದಲ್ಲಿ ಉಲ್ಲೇಖಿಸುವವರು ಈ ಷರತ್ತನ್ನು ಅದೇ ವಾಕ್ಯದಲ್ಲಿ ಬರೆಯಬೇಕೆಂದು ವಿನಂತಿ. ಜೊತೆಗೆ, ಸ್ನ್ಯಾಪ್‌ನಲ್ಲಿ ವ್ಯಾಯಾಮಕ್ಕೆ ಹಂಚಿಕೆಯಾದವರಲ್ಲಿ ಶೇ. 41ರಷ್ಟು ಮಂದಿ ನಂತರ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಶಸ್ತ್ರಕ್ರಿಯೆಗೆ ಹಂಚಿಕೆಯಾದವರಲ್ಲಿ ಶೇ. 28ರಷ್ಟು ಮಂದಿ ಅದನ್ನು ಮಾಡಿಸಿಕೊಳ್ಳಲೇ ಇಲ್ಲ.